ಆರ್‌ಎ ಫ್ಯಾಕ್ಟರ್ ನೆಗೆಟಿವ್, ಆ್ಯಂಟಿ ಸಿಸಿಪಿ 210: ಅಕ್ಕನಿಗೆ ಸಂಧಿವಾತ ಇದೆಯೋ ಇಲ್ಲವೋ?

ದಾವಣಗೆರೆ_ತಮ್ಮ
ಎಲ್ಲರಿಗೂ ನಮಸ್ಕಾರ. ಅಕ್ಕನ ವಿಷಯ ಕೇಳಬೇಕಿತ್ತು. ವಯಸ್ಸು 38, ಪ್ರೈಮರಿ ಸ್ಕೂಲ್ ಟೀಚರ್. ಎರಡೂವರೆ ತಿಂಗಳಿಂದ ಎರಡೂ ಕೈಯ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಮಣಿಕಟ್ಟು ಕೂಡ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ಮುಷ್ಟಿ ಕಟ್ಟಲು ಬರಲ್ಲ. ಬಟ್ಟೆ ಹಿಂಡಲು ಆಗಲ್ಲ, ಕುಕ್ಕರ್ ಮುಚ್ಚಳ ತೆಗೆಯಲು ಭಾವನನ್ನೇ ಕರೆಯಬೇಕು. ಶಾಲೆಯಲ್ಲಿ ಬೋರ್ಡ್ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಚಾಕ್‌ಪೀಸ್ ಕೈಯಿಂದ ಜಾರುತ್ತೆ.

ರಿಪೋರ್ಟ್ ಹೀಗಿದೆ: ಆರ್‌ಎ ಫ್ಯಾಕ್ಟರ್ (ಆರ್‌ಎ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಅದೇ ಸಂಧಿವಾತ) ನೆಗೆಟಿವ್, ಇಎಸ್‌ಆರ್ 48, ಸಿಆರ್‌ಪಿ ಜಾಸ್ತಿ (ಇವೆರಡೂ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಟೆಸ್ಟಂತೆ), ಯೂರಿಕ್ ಆ್ಯಸಿಡ್ ನಾರ್ಮಲ್, ಆ್ಯಂಟಿ ಸಿಸಿಪಿ 210 (20ರ ಒಳಗೆ ಇರಬೇಕಂತೆ). ಕೈ ಎಕ್ಸ್‌ರೇ ನಾರ್ಮಲ್.

ಮೊದಲು ನೋಡಿದ ಡಾಕ್ಟರು "ಆರ್‌ಎ ಫ್ಯಾಕ್ಟರ್ ಇಲ್ಲ, ಎಕ್ಸ್‌ರೇ ಸರಿ ಇದೆ, ಸಂಧಿವಾತ ಅಲ್ಲ" ಅಂತ ನೋವಿನ ಮಾತ್ರೆ, ಕ್ಯಾಲ್ಸಿಯಂ ಕೊಟ್ಟರು. ಎರಡನೆಯವರು "ಇದು ಅದೇ, ತಡ ಮಾಡಬೇಡಿ, ಮೆಥೊಟ್ರೆಕ್ಸೇಟ್ ಶುರು ಮಾಡೋಣ" ಅಂದರು. ಅಮ್ಮ ಗೂಗಲ್ ಮಾಡಿಸಿ "ಅದು ಕ್ಯಾನ್ಸರ್ ಮಾತ್ರೆ" ಅಂತ ಅಳುತ್ತಾ ಕೂತಿದ್ದಾರೆ. ಯಾರ ಮಾತು ನಂಬೋದು?

ಮಂಡ್ಯ_ಮಗ
ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂದ್ರೆ ಆರ್‌ಎ ಇಲ್ಲ ಅಂತಲೇ ಅಲ್ವಾ? ಹೆಸರಲ್ಲೇ ಇದೆ. ಚಳಿಗೆ ಹಿಡ್ಕೊಂಡಿರಬೇಕು. ಬಿಸಿ ನೀರಲ್ಲಿ ಉಪ್ಪು ಹಾಕಿ ಕೈ ಅದ್ದಿ ನೋಡಿ.

ಶಿವಮೊಗ್ಗ_ಲ್ಯಾಬ್
@ಮಂಡ್ಯ_ಮಗ ಇಲ್ಲ ಸಾರ್, ಆ ಹೆಸರು ನೋಡಿಯೇ ಜನ ಮೋಸ ಹೋಗೋದು. ನಾನು ಲ್ಯಾಬಲ್ಲಿ ಕೆಲಸ ಮಾಡ್ತೀನಿ, ದಿನಾ ಈ ಟೆಸ್ಟ್ ನೋಡ್ತೀನಿ. ಆರ್‌ಎ ಇರುವವರಲ್ಲಿ ಸುಮಾರು 70ರಿಂದ 80ರಷ್ಟು ಶೇಕಡಾ ಜನರಿಗೆ ಮಾತ್ರ ಈ ಫ್ಯಾಕ್ಟರ್ ಪಾಸಿಟಿವ್ ಬರುತ್ತೆ. ಶುರುವಿನ ತಿಂಗಳುಗಳಲ್ಲಿ ಇನ್ನೂ ಕಡಿಮೆ. ಉಳಿದವರಿಗೆ ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್.

ಉಲ್ಟಾ ಕೂಡ ಆಗುತ್ತೆ. ಆರೋಗ್ಯವಾಗಿ ಓಡಾಡಿಕೊಂಡಿರುವ ನೂರು ಜನರಲ್ಲಿ ಐದು ಜನರಿಗೆ ಸುಮ್ನೆ ಪಾಸಿಟಿವ್ ಬರಬಹುದು. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಹೆಪಟೈಟಿಸ್ ಸಿ, ಟಿಬಿ, ಕುಷ್ಠ, ಹೃದಯದ ಕವಾಟದ ಸೋಂಕು, ಬಾಯಿ ಕಣ್ಣು ಒಣಗುವ ಷೋಗ್ರೆನ್ ಕಾಯಿಲೆ, ಇವುಗಳಲ್ಲೂ ಬರುತ್ತೆ.

ದಾವಣಗೆರೆಯವರೇ, ನಿಮ್ಮ ರಿಪೋರ್ಟಲ್ಲಿ ಆರ್‌ಎ ಫ್ಯಾಕ್ಟರ್ ಎದುರು ನಂಬರ್ ಇದೆಯಾ, ಬರೀ "ನೆಗೆಟಿವ್" ಅಂತ ಇದೆಯಾ? ಸ್ಲೈಡ್ ಮೇಲೆ ಲ್ಯಾಟೆಕ್ಸ್ ಹನಿ ಹಾಕಿ ಅಲ್ಲಾಡಿಸಿ ಗಂಟು ಕಟ್ಟುತ್ತಾ ನೋಡುವ ಹಳೆ ವಿಧಾನ ಇನ್ನೂ ಎಷ್ಟೋ ಕಡೆ ಇದೆ. ಅದರಲ್ಲಿ ಕಣ್ಣಂದಾಜು. ಮಷೀನಿನಲ್ಲಿ ಅಳೆದರೆ ನಂಬರ್ ಬರುತ್ತೆ.

ದಾವಣಗೆರೆ_ತಮ್ಮ
ಬರೀ "ನೆಗೆಟಿವ್" ಅಂತ ಇದೆ ಮೇಡಂ. ನಂಬರ್ ಇಲ್ಲ.

ಶಿವಮೊಗ್ಗ_ಲ್ಯಾಬ್
ಹಾಗಾದರೆ ಆ ಸಾಲನ್ನು ಹಿಡಿದುಕೊಂಡು "ಸಂಧಿವಾತ ಅಲ್ಲ" ಅನ್ನೋದು ಬೇಡ.

ಧಾರವಾಡ_ಮಂದಿ
ನಮ್ಮ ಅವ್ವಂದು ಪೂರ್ತಿ ಉಲ್ಟಾ ಕಥೆ. 67 ವಯಸ್ಸು. ಮಂಡಿ ನೋವು ಅಂತ ಒಂದು ಕಡೆ ಹೋದ್ವಿ. ಅಲ್ಲಿ "ಆರ್ಥ್ರೈಟಿಸ್ ಪ್ಯಾಕೇಜ್" ಅಂತ ಎಲ್ಲಾ ಟೆಸ್ಟ್ ಒಂದೇ ಸಲ ಬರೆದುಕೊಟ್ಟರು. ಆರ್‌ಎ ಫ್ಯಾಕ್ಟರ್ 34 ಬಂತು. ಕೈ ಮುಟ್ಟಿ ಸುದ್ದಾ ನೋಡಲಿಲ್ಲ, "ಆರ್‌ಎ ಐತಿ" ಅಂತ ಸ್ಟೀರಾಯ್ಡ್ ಮಾತ್ರೆ ಬರೆದರು. ತಿಂಗಳುಗಟ್ಟಲೆ ನುಂಗಿದಳು. ಮುಖ ಊದಿತು, ಶುಗರ್ ಬಂತು. ಕಡೀಕ ಬೇರೆ ಡಾಕ್ಟರು ಒಂದೊಂದೇ ಬೆರಳು ಒತ್ತಿ ನೋಡಿ "ಇದು ಮಂಡಿ ಸವೆತ, ಆರ್‌ಎ ಅಲ್ಲ" ಅಂದರು. ಆ್ಯಂಟಿ ಸಿಸಿಪಿ ನೆಗೆಟಿವ್ ಬಂತು. ಅದಕ್ಕೇ ಹೇಳ್ತೀನಿ, ರಕ್ತದ ರಿಪೋರ್ಟ್ ನಂಬಬ್ಯಾಡ್ರಿ.

ಎಂಡಿ_ಓದುತ್ತಿರುವವಳು
@ಧಾರವಾಡ_ಮಂದಿ ಅವ್ವನಿಗೆ ಆದದ್ದು ಕೇಳಿ ತುಂಬಾ ಬೇಜಾರಾಯ್ತು. ಆದರೆ ಕೊನೆಯ ವಾಕ್ಯ ಒಪ್ಪಲ್ಲ. ರಿಪೋರ್ಟ್ ಸುಳ್ಳು ಹೇಳಲಿಲ್ಲ. ಕೈ ನೋಡದೆ ರಿಪೋರ್ಟ್ ಓದಿದರು, ಅಷ್ಟೇ ಆದದ್ದು.

ಒಂದು ಲೆಕ್ಕ ನೋಡಿ. ಯಾವ ಲಕ್ಷಣವೂ ನೋಡದೆ ಸಾವಿರ ಜನರಿಗೆ ಆರ್‌ಎ ಫ್ಯಾಕ್ಟರ್ ಮಾಡಿಸಿದೆವು ಅಂತಿಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಆರ್‌ಎ ಇರುವವರು ಹೆಚ್ಚೆಂದರೆ ಹತ್ತು ಜನ. ಅವರಲ್ಲಿ ಏಳು ಜನರಿಗೆ ಪಾಸಿಟಿವ್. ಕಾಯಿಲೆ ಇಲ್ಲದ 990 ಜನರಲ್ಲಿ ಸುಮಾರು 50 ಜನರಿಗೂ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 57 ಜನರಲ್ಲಿ ಕಾಯಿಲೆ ಇರೋದು ಏಳು ಜನರಿಗೆ. ಮಂಡಿ ನೋವು ಅಂದವರಿಗೆಲ್ಲ ಪ್ಯಾಕೇಜ್ ಬರೆದರೆ ಇದೇ ಆಗೋದು.

ಅದೇ ಟೆಸ್ಟನ್ನು ಎರಡೂ ಕೈ ಗೆಣ್ಣು ಊದಿ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿಯುವ 38ರ ಹೆಂಗಸಿಗೆ ಮಾಡಿದರೆ ಲೆಕ್ಕವೇ ಬೇರೆ.

@ದಾವಣಗೆರೆ_ತಮ್ಮ ಅಕ್ಕನ ವಿಷಯಕ್ಕೆ ಬರೋಣ. ಇಲ್ಲಿ ಕೂತು ಡಯಾಗ್ನೋಸಿಸ್ ಮಾಡಲ್ಲ, ಆದರೆ ವೈದ್ಯರು ಹೇಗೆ ಯೋಚಿಸ್ತಾರೆ ಅಂತ ಹೇಳ್ತೀನಿ. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಕೀಲುವಾತ ತಜ್ಞರ ಸಂಘಗಳು ಸೇರಿ ಒಂದು ಅಂಕ ಪದ್ಧತಿ ಮಾಡಿದವು. ಹತ್ತಕ್ಕೆ ಆರು ಬಂದರೆ ಆರ್‌ಎ ಅಂತ ವರ್ಗೀಕರಿಸಬಹುದು. ಕನಿಷ್ಠ ಒಂದು ಕೀಲಿನಲ್ಲಿ ನಿಜವಾದ ಬಾವು ಇರಬೇಕು, ಅದಕ್ಕೆ ಬೇರೆ ಕಾಯಿಲೆ ಕಾರಣ ಆಗಿರಬಾರದು. ಆಮೇಲೆ ಎಣಿಕೆ. ನಾಲ್ಕರಿಂದ ಹತ್ತು ಸಣ್ಣ ಕೀಲುಗಳಿಗೆ 3. ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ ಸಿಸಿಪಿ ಎರಡರಲ್ಲಿ ಒಂದು ಮಿತಿಯ ಮೂರು ಪಟ್ಟು ದಾಟಿದ್ದರೆ 3, ಅದಕ್ಕಿಂತ ಕಡಿಮೆ ಪಾಸಿಟಿವ್ ಆದರೆ 2. ಇಎಸ್‌ಆರ್ ಅಥವಾ ಸಿಆರ್‌ಪಿ ಜಾಸ್ತಿ ಇದ್ದರೆ 1. ಆರು ವಾರ ದಾಟಿದ್ದರೆ 1. ನೀವು ಹೇಳಿದ್ದೆಲ್ಲ ಸರಿ ಇದ್ದರೆ ಎಂಟು ಬರುತ್ತೆ. ಎರಡನೇ ಡಾಕ್ಟರು ಗಾಬರಿ ಹುಟ್ಟಿಸೋಕೆ ಹೇಳಿದ್ದಲ್ಲ.

ಎಕ್ಸ್‌ರೇ ನಾರ್ಮಲ್ ಇರೋದು ಒಳ್ಳೆಯ ಸುದ್ದಿ. ಮೂಳೆ ಇನ್ನೂ ಸವೆದಿಲ್ಲ. ಅದು ಕಾಯಿಲೆ ಇಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಕರಾವಳಿ_ಗಾಳಿ
ಈ ಆ್ಯಂಟಿ ಸಿಸಿಪಿ ಅಂದ್ರೆ ಏನು ಅಂತ ಯಾರಾದ್ರೂ ಸರಳವಾಗಿ ಹೇಳ್ತೀರಾ? ನಂಗೂ ಬರೆದಿದ್ದಾರೆ. ಇನ್ನೂ ಮಾಡಿಸಿಲ್ಲ, ರೇಟ್ ನೋಡಿ ವಾಪಸ್ ಬಂದೆ.

ಎಂಡಿ_ಓದುತ್ತಿರುವವಳು
ನಮ್ಮ ಮೈಯ ಪ್ರೋಟೀನುಗಳಲ್ಲಿ ಅರ್ಜಿನೈನ್ ಅನ್ನುವ ಒಂದು ಭಾಗ ಇರುತ್ತೆ. ಊತ, ಉರಿ ಇರುವ ಜಾಗದಲ್ಲಿ ಒಂದು ಕಿಣ್ವ ಅದನ್ನು ಸಿಟ್ರುಲಿನ್ ಆಗಿ ಬದಲಾಯಿಸುತ್ತೆ. ಇದು ಎಲ್ಲರಲ್ಲೂ ಆಗುವ ಕೆಲಸ. ಕೆಲವರ ದೇಹ ಮಾತ್ರ ಆ ಬದಲಾದ ಪ್ರೋಟೀನನ್ನು ಪರಕೀಯ ಅಂತ ತಿಳಿದು ಅದರ ವಿರುದ್ಧ ಆ್ಯಂಟಿಬಾಡಿ ಮಾಡುತ್ತೆ. ಆ ಆ್ಯಂಟಿಬಾಡಿಯನ್ನು ಹಿಡಿಯುವ ಟೆಸ್ಟೇ ಇದು. ಆರ್‌ಎ ಇಲ್ಲದವರಲ್ಲಿ ಇದು ಪಾಸಿಟಿವ್ ಬರೋದು ಬಹಳ ಕಡಿಮೆ. ಸುಮಾರು 95 ಶೇಕಡಾ ಜನರಿಗೆ ಸರಿಯಾಗಿ ನೆಗೆಟಿವ್ ಬರುತ್ತೆ. ಆದರೆ ಆರ್‌ಎ ಇರುವ ಎಲ್ಲರನ್ನೂ ಇದೂ ಹಿಡಿಯಲ್ಲ, ಮೂವರಲ್ಲಿ ಇಬ್ಬರನ್ನು ಹಿಡಿಯುತ್ತೆ. ನಮ್ಮ ದೇಶದಲ್ಲಿ ಒಂದು ವಿಷಯ ನೆನಪಿಡಬೇಕು: ಟಿಬಿ ಜೋರಾಗಿರುವಾಗ ಇದೂ ಸುಳ್ಳು ಪಾಸಿಟಿವ್ ಬರಬಹುದು.

ಆರ್‌ಎ ಫ್ಯಾಕ್ಟರ್ ಬೇರೆ. ಅದು ನಮ್ಮದೇ ಆ್ಯಂಟಿಬಾಡಿಯ ವಿರುದ್ಧ ಹುಟ್ಟುವ ಆ್ಯಂಟಿಬಾಡಿ. ಹಾಗಾಗಿ ಒಂದು ನೆಗೆಟಿವ್, ಇನ್ನೊಂದು ಪಾಸಿಟಿವ್ ಬರೋದರಲ್ಲಿ ಆಶ್ಚರ್ಯ ಏನಿಲ್ಲ.

ಶಿವಮೊಗ್ಗ_ಲ್ಯಾಬ್
ಇತಿಹಾಸ ಸೇರಿಸ್ತೀನಿ. ಆರ್‌ಎ ಫ್ಯಾಕ್ಟರನ್ನು ನಾರ್ವೆಯ ವಾಲರ್ 1940ರಲ್ಲಿ ವರದಿ ಮಾಡಿದ್ದು. 1948ರಲ್ಲಿ ಅಮೆರಿಕದ ರೋಸ್ ಮತ್ತೆ ಕಂಡುಕೊಂಡರು. ವಾಲರ್ ರೋಸ್ ಟೆಸ್ಟ್ ಅಂತ ಹಳಬರು ಈಗಲೂ ಅಂತಾರೆ. ಲ್ಯಾಟೆಕ್ಸ್ ಬಂದದ್ದು 1956ರಲ್ಲಿ. ಸಿಟ್ರುಲಿನ್ನೇ ಮುಖ್ಯ ಅಂತ ಗೊತ್ತಾಗಿದ್ದು 1998ರಲ್ಲಿ, ನೆದರ್ಲೆಂಡ್ಸ್‌ನಲ್ಲಿ.

ಆಮ್‌ಸ್ಟರ್‌ಡ್ಯಾಮ್_ಕನ್ನಡಿಗ
ನೆದರ್ಲೆಂಡ್ಸ್ ಹೆಸರು ಬಂದದ್ದಕ್ಕೆ ಬರೀತಿದ್ದೀನಿ. ಇಲ್ಲಿಂದ 2004ರಲ್ಲಿ ಒಂದು ಸಂಶೋಧನೆ ಬಂತು. ಆರ್‌ಎ ಬಂದವರಲ್ಲಿ 79 ಜನ ಮೊದಲು ರಕ್ತದಾನ ಮಾಡಿದ್ದವರು. ಬ್ಲಡ್ ಬ್ಯಾಂಕಿನಲ್ಲಿ ಅವರ ಹಳೇ ರಕ್ತದ ಸ್ಯಾಂಪಲ್ ಫ್ರೀಜ್ ಮಾಡಿ ಇಟ್ಟಿದ್ದರು. ತೆಗೆದು ನೋಡಿದರೆ ಸುಮಾರು ಅರ್ಧ ಜನರಲ್ಲಿ ನೋವು ಶುರುವಾಗುವ ಮೊದಲೇ ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ ಸಿಸಿಪಿ ಇತ್ತು. ಮಧ್ಯದ ಲೆಕ್ಕದಲ್ಲಿ ನಾಲ್ಕೂವರೆ ವರ್ಷ ಮೊದಲು! ಆರಾಮಾಗಿ ಓಡಾಡಿಕೊಂಡು ರಕ್ತ ಕೊಟ್ಟು ಹೋಗ್ತಿದ್ದವರ ಮೈಯಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು. ಓದಿದಾಗ ಮೈ ಜುಂ ಅಂತು.

ಮಂಡ್ಯ_ಮಗ
ಹಾಗಾದ್ರೆ ಎಲ್ಲರೂ ಈಗಲೇ ಟೆಸ್ಟ್ ಮಾಡಿಸಿ ಮೊದಲೇ ಮಾತ್ರೆ ತಗೊಂಡ್ರೆ ಕಾಯಿಲೆನೇ ಬರಲ್ಲ ಅಲ್ವಾ?

ಎಂಡಿ_ಓದುತ್ತಿರುವವಳು
ಮೇಲಿನ ಸಾವಿರ ಜನರ ಲೆಕ್ಕ ಇನ್ನೊಂದು ಸಲ ನೋಡಿ. ಪಾಸಿಟಿವ್ ಬಂದವರಿಗೆಲ್ಲ ಕಾಯಿಲೆ ಬರಲ್ಲ. ನಿಮ್ಮ ಪ್ರಶ್ನೆ ಮಾತ್ರ ತುಂಬಾ ಒಳ್ಳೆಯದು, ಸಂಶೋಧಕರೂ ಅದನ್ನೇ ಕೇಳ್ತಿದ್ದಾರೆ. ಆ್ಯಂಟಿಬಾಡಿ ಇದ್ದು, ಕೀಲು ನೋವಿದ್ದು, ಇನ್ನೂ ಊತ ಎದ್ದು ಕಾಣದವರಿಗೆ ಅಬಟಸೆಪ್ಟ್ ಅನ್ನುವ ಇಂಜೆಕ್ಷನ್ ಕೊಟ್ಟು ನೋಡಿದ ಎರಡು ಪ್ರಯೋಗಗಳ ಫಲಿತಾಂಶ 2024ರಲ್ಲಿ ಬಂತು. ಕೊಡುತ್ತಿದ್ದಾಗ ಕಾಯಿಲೆ ಮುಂದಕ್ಕೆ ಹೋಯಿತು. ನಿಲ್ಲಿಸಿದ ಮೇಲೆ ಆ ಲಾಭ ಕರಗುತ್ತಾ ಬಂತು. ಸದ್ಯಕ್ಕೆ ಏನೂ ತೊಂದರೆ ಇಲ್ಲದವರಿಗೆ ಟೆಸ್ಟ್ ಬೇಡ.

ಇಳಕಲ್_ಕಲ್ಲು
ನಮ್ಮ ಕಡೆ ಕಲ್ಲು ಕೊರೆಯುವವರಿಗೆ ಈ ಕೀಲು ನೋವು ಜಾಸ್ತಿ ಕಾಣ್ತೀನಿ. ಧೂಳಿಗೂ ಇದಕ್ಕೂ ಸಂಬಂಧ ಇದೆಯಾ? ಹೆಚ್ಚಿನವರು ಬೀಡಿ ಕೂಡ ಸೇದ್ತಾರೆ.

ಎಂಡಿ_ಓದುತ್ತಿರುವವಳು
ಇದೆ. ಸಿಲಿಕಾ ಧೂಳು ಮತ್ತು ಹೊಗೆ ಎರಡೂ ಸೇರಿದರೆ ಆ್ಯಂಟಿ ಸಿಸಿಪಿ ಪಾಸಿಟಿವ್ ಆರ್‌ಎ ಬರುವ ಸಂಭವ ಏರುತ್ತೆ ಅಂತ ಸ್ವೀಡನ್ನಿನ ಅಧ್ಯಯನಗಳು ತೋರಿಸಿವೆ. ಹೊಗೆಯಿಂದ ಶ್ವಾಸಕೋಶದಲ್ಲಿ ಆ ಸಿಟ್ರುಲಿನ್ ಬದಲಾವಣೆ ಜಾಸ್ತಿಯಾಗುತ್ತೆ, ಒಂದು ಬಗೆಯ ವಂಶವಾಹಿ ಇರುವವರಿಗೆ ಅಪಾಯ ಹೆಚ್ಚು. ಒಸಡಿನ ಕಾಯಿಲೆಗೂ ನಂಟಿದೆ. ಆದರೆ ಕಲ್ಲು ಒಡೆಯುವವರ ನೋವೆಲ್ಲ ಆರ್‌ಎ ಅಲ್ಲ, ದುಡಿಮೆಯ ಸವೆತವೂ ಇರುತ್ತೆ. ಬೀಡಿ ಬಿಡಿಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಕೊಡಿಸಿ. ಕಲ್ಲಿಗೆ ನೀರು ಬಿಟ್ಟು ಕೊರೆದರೆ ಧೂಳು ಬಹಳ ಕಡಿಮೆ ಏಳುತ್ತೆ. ಪುಪ್ಪುಸದ ದೃಷ್ಟಿಯಿಂದಲೂ ಇದು ಬೇಕೇ ಬೇಕು.

ನಿವೃತ್ತ_ಮೇಷ್ಟ್ರು
ಚಿಕೂನ್‌ಗುನ್ಯಾ ಮರೆತಿರಾ ಎಲ್ಲರೂ? 2006ರಲ್ಲಿ ನಮ್ಮ ಊರಿಗೆ ಊರೇ ಮಲಗಿತ್ತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಜನ ಗೋಡೆ ಹಿಡಿದು ನಡೆದರು. ಅದೂ ಎರಡೂ ಕೈ, ಮಣಿಕಟ್ಟು, ಪಾದ, ಬೆಳಗಿನ ಬಿಗಿತ. ಈ ಹುಡುಗಿಗೆ ಮೊದಲು ಜ್ವರ ಬಂದಿತ್ತಾ ಕೇಳಿ.

ಎಂಡಿ_ಓದುತ್ತಿರುವವಳು
ಮೇಷ್ಟ್ರೇ, ಬಹಳ ಮುಖ್ಯವಾದ ಮಾತು. ಚಿಕೂನ್‌ಗುನ್ಯಾ ನಂತರದ ಬಾವು ಆರ್‌ಎಯಂತೆಯೇ ಕಾಣುತ್ತೆ, ಕೆಲವರಿಗೆ ಆರ್‌ಎ ಫ್ಯಾಕ್ಟರ್ ಕೂಡ ಪಾಸಿಟಿವ್. ಆ್ಯಂಟಿ ಸಿಸಿಪಿ ಸಾಮಾನ್ಯವಾಗಿ ಬರಲ್ಲ. ಬೇರೆ ಕಾರಣ ಇದೆಯಾ ಅಂತ ನೋಡೋದು ಅಂದರೆ ಇದೇ.

ದಾವಣಗೆರೆ_ತಮ್ಮ
ಜ್ವರ ಬಂದಿರಲಿಲ್ಲ. ಆಕೆಗೆ, ಮನೆಯಲ್ಲಿ ಯಾರಿಗೂ ಇಲ್ಲ. ಟಿಬಿ ಕೂಡ ಇಲ್ಲ.

210 ಅಂದರೆ ಕಾಯಿಲೆ ತುಂಬಾ ಜೋರಾಗಿದೆ ಅಂತಾನಾ? ಅಕ್ಕ ಆ ಒಂದು ನಂಬರ್ ನೋಡಿಯೇ ಕುಸಿದು ಹೋಗಿದ್ದಾಳೆ.

ತುಮಕೂರು_ತೆಂಗು
ಅಕ್ಕನಿಗೆ ನನ್ನ ಕಡೆಯಿಂದ ಹೇಳಿ: ನನಗೆ ಆ್ಯಂಟಿ ಸಿಸಿಪಿ ಮಷೀನ್ ಮೇಲ್ಮಿತಿಯನ್ನೇ ದಾಟಿತ್ತು. ಎಂಟು ವರ್ಷ ಆಯಿತು. ಈಗ ತೆಂಗಿನಕಾಯಿ ತುರಿದು, ಎರಡು ಹಸು ಹಾಲು ಕರೆದು, ಮಗಳ ಮದುವೆಗೆ ರಂಗೋಲಿ ಹಾಕಿದ್ದೀನಿ. ಬೇಗ ಔಷಧಿ ಶುರು ಮಾಡಿದ್ದಕ್ಕೆ ಬೆರಳು ನೆಟ್ಟಗಿವೆ. ನಮ್ಮ ಅತ್ತೆಗೆ ಇದೇ ಕಾಯಿಲೆ, ಔಷಧಿ ಇಲ್ಲದೆ ಬೆರಳೆಲ್ಲ ಒಂದು ಕಡೆ ಬಾಗಿದ್ದವು. ತುತ್ತು ಎತ್ತಲೂ ಆಗುತ್ತಿರಲಿಲ್ಲ.

ಎಂಡಿ_ಓದುತ್ತಿರುವವಳು
ನಂಬರ್ ಇವತ್ತಿನ ನೋವನ್ನು ಅಳೆಯಲ್ಲ. ಇವತ್ತು ಕಾಯಿಲೆ ಎಷ್ಟು ಜೋರಾಗಿದೆ ಅಂತ ತಿಳಿಯಲು ಎಷ್ಟು ಕೀಲು ಊದಿವೆ, ಎಷ್ಟು ನೋಯುತ್ತಿವೆ, ಇಎಸ್‌ಆರ್ ಎಷ್ಟು, ರೋಗಿಗೆ ಹೇಗನಿಸುತ್ತಿದೆ ಅಂತ ನೋಡ್ತಾರೆ. 28 ಕೀಲುಗಳನ್ನು ಎಣಿಸುವ ಡಾಸ್ 28 ಅಂತ ಲೆಕ್ಕ ಇದೆ.

ಆ್ಯಂಟಿ ಸಿಸಿಪಿ ಹೇಳೋದು ಮುಂದಿನ ದಾರಿ. ಜಾಸ್ತಿ ಇರುವವರಲ್ಲಿ, ಔಷಧಿ ಕೊಡದಿದ್ದರೆ, ಮೂಳೆ ಸವೆಯುವ ಸಾಧ್ಯತೆ ಹೆಚ್ಚು. ಎರಡೂ ಆ್ಯಂಟಿಬಾಡಿ ಇದ್ದರೆ ಇನ್ನೂ ಹೆಚ್ಚು. ಚರ್ಮದ ಕೆಳಗೆ ಗಂಟು ಏಳೋದು ಹೆಚ್ಚಾಗಿ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಇರುವವರಲ್ಲಿ. ಅದಕ್ಕೇ ಎರಡನೇ ಡಾಕ್ಟರು ಅವಸರ ಮಾಡಿದ್ದು. ಚಿಕಿತ್ಸೆ ಶುರುವಾದ ಮೇಲೆ ಪ್ರತಿ ಸಲ ಆ್ಯಂಟಿ ಸಿಸಿಪಿ ಮಾಡಿಸುವ ಅಗತ್ಯ ಇಲ್ಲ, ಸುಮ್ನೆ ದುಡ್ಡು ದಂಡ.

ಅರ್ಕಾವತಿ
ಎರಡೂ ನೆಗೆಟಿವ್ ಇರುವ ನಮ್ಮ ಬಗ್ಗೆ ಯಾರೂ ಮಾತಾಡಲ್ಲ! ನನಗೆ ಎರಡೂ ನೆಗೆಟಿವ್, ಆದರೆ ಹತ್ತಕ್ಕಿಂತ ಹೆಚ್ಚು ಕೀಲು ಊದಿದ್ದವು. "ಟೆನ್ಷನ್ ಮಾಡ್ಕೋತೀರಿ" ಅಂತ ಕಳಿಸಿದವರಿದ್ದಾರೆ. ಕೊನೆಗೆ ಅಲ್ಟ್ರಾಸೌಂಡ್ ಮಾಡಿದಾಗ ಕೀಲಿನೊಳಗೆ ಊತ ಕಂಡಿತು.

ಎಂಡಿ_ಓದುತ್ತಿರುವವಳು
@ಅರ್ಕಾವತಿ ಸರಿಯಾಗಿ ಹೇಳಿದಿರಿ. ಆ ಅಂಕ ಪದ್ಧತಿಯಲ್ಲಿ ಆ್ಯಂಟಿಬಾಡಿ ಇಲ್ಲದವರಿಗೆ ಆರು ಮುಟ್ಟಲು ಹತ್ತಕ್ಕಿಂತ ಹೆಚ್ಚು ಕೀಲು ಬೇಕಾಗುತ್ತೆ. ಹಾಗಾಗಿ ಗುರುತಿಸುವುದು ತಡ ಆಗುತ್ತೆ, ಗೊತ್ತಾಗುವ ಹೊತ್ತಿಗೆ ಊತ ಪಾಸಿಟಿವ್ ಇರುವವರಿಗಿಂತ ಜಾಸ್ತಿ ಇರುತ್ತೆ. "ನೆಗೆಟಿವ್ ಆದರೆ ಸೌಮ್ಯ" ಅನ್ನೋದು ತಪ್ಪು ತಿಳಿವಳಿಕೆ. ಜೊತೆಗೆ ಸೋರಿಯಾಸಿಸ್ (ಕೀಲನ್ನೂ ಊದಿಸಬಲ್ಲ ಒಂದು ಚರ್ಮದ ಕಾಯಿಲೆ) ಇದೆಯಾ ಅಂತ ಉಗುರು, ತಲೆಯ ಚರ್ಮ ನೋಡಬೇಕು.

ಕುಮಟಾ_ಕಡಲು
ಇಷ್ಟೆಲ್ಲ ಇಂಗ್ಲಿಷ್ ಔಷಧಿ ಯಾಕೆ? ಈ ಥರದ ಸಂಧಿವಾತಕ್ಕೆ ಆಯುರ್ವೇದದಲ್ಲಿ ಆಮವಾತ ಅಂತಾರೆ, ಅದಕ್ಕೆ ಚಿಕಿತ್ಸೆ ಇದೆ. ಕೊಯಮತ್ತೂರಿನಲ್ಲಿ ಮೆಥೊಟ್ರೆಕ್ಸೇಟ್ ಎದುರು ಆಯುರ್ವೇದ ಇಟ್ಟು ಪರೀಕ್ಷೆ ಮಾಡಿದ್ದಾರೆ, ಸಮಾನವಾಗಿ ಬಂತು. 2011ರಲ್ಲೇ ಪ್ರಕಟವಾಗಿದೆ. ಇದನ್ನು ಯಾಕೆ ಯಾರೂ ಹೇಳಲ್ಲ?

ಎಂಡಿ_ಓದುತ್ತಿರುವವಳು
ಹೇಳೋಣ. ಒಳ್ಳೆಯ ರೀತಿಯಲ್ಲಿ ಮಾಡಿದ ಅಧ್ಯಯನ ಅದು, ಗೌರವ ಇದೆ. ಆದರೆ ಇದ್ದದ್ದು 43 ಜನ, ಅದೂ ಮೂರು ಗುಂಪಾಗಿ ಹಂಚಿ. ಅಷ್ಟು ಚಿಕ್ಕ ಗುಂಪಿನಲ್ಲಿ "ವ್ಯತ್ಯಾಸ ಕಾಣಲಿಲ್ಲ" ಅಂದರೆ "ಎರಡೂ ಒಂದೇ" ಅಂತ ಆಗಲ್ಲ. ವರ್ಷಗಳ ಮೇಲೆ ಮೂಳೆ ಉಳಿಯುತ್ತಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ.

ಕುಮಟಾ_ಕಡಲು
ದೊಡ್ಡ ಅಧ್ಯಯನಕ್ಕೆ ದುಡ್ಡು ಹಾಕುವವರಿಲ್ಲ. ಅದು ಆಯುರ್ವೇದದ ತಪ್ಪಾ?

ಧಾರವಾಡ_ಮಂದಿ
ತಪ್ಪು ಯಾರದರೆ ಆಗಲಿ, ಈ ಅಕ್ಕನ ಕೈ ಅಲ್ಲಿತನಕ ಕಾಯಬೇಕೇನ್ರಿ? ಇನ್ನೊಂದು ಮಾತು. ಸಂತೆಯಲ್ಲಿ ಲೇಬಲ್ ಇಲ್ಲದ ಪುಡಿ ಮಾರ್ತಾರಲ್ಲ, ಎರಡೇ ದಿನಕ್ಕೆ ನೋವು ಮಾಯ. ಅಂಥಾದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಅವ್ವನ ಮುಖ ಊದಿದ್ದು ನೋಡಿದ ಮೇಲೆ ನನಗೆ ಆ ಹೆಸರು ಕೇಳಿದರೇ ಹೆದರಿಕೆ.

ಕುಮಟಾ_ಕಡಲು
ಅಂಥ ಪುಡಿಗೆ ನಾನೂ ವಿರುದ್ಧವೇ. ಓದಿದ ವೈದ್ಯರ ಬಗ್ಗೆ ಹೇಳಿದ್ದು ನಾನು.

ತುಮಕೂರು_ತೆಂಗು
ಮೆಥೊಟ್ರೆಕ್ಸೇಟ್ ಬಗ್ಗೆ ಒಂದೇ ಒಂದು ಮಾತು, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ದಿನಾ ನುಂಗಿಬಿಟ್ಟರು. ಬಾಯಿ ತುಂಬ ಹುಣ್ಣು, ರಕ್ತದ ಕಣ ಪೂರ್ತಿ ಇಳಿದು ಐಸಿಯು ಸೇರಿದರು. ನಾನು ಭಾನುವಾರ ರಾತ್ರಿ ತಗೋತೀನಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮದ ಬೊಟ್ಟು ಇಡ್ತೀನಿ. ಅಡ್ಡ ಪರಿಣಾಮ ಕಡಿಮೆ ಮಾಡಲು ಕೊಡುವ ಫೋಲಿಕ್ ಆ್ಯಸಿಡ್ ವಿಟಮಿನ್ ಮಾತ್ರೆ ಬೇರೆ ದಿನ.

ಎಂಡಿ_ಓದುತ್ತಿರುವವಳು
ಈ ಚರ್ಚೆಯಲ್ಲಿ ಬೇರೇನನ್ನೂ ಓದದಿದ್ದರೂ ಮೇಲಿನ ಉತ್ತರ ಓದಿ.

ಅಮ್ಮನಿಗೆ ಹೇಳಿ: ಕ್ಯಾನ್ಸರಿಗೆ ಕೊಡುವ ಪ್ರಮಾಣ ಬಹಳ ದೊಡ್ಡದು, ಕೀಲುವಾತಕ್ಕೆ ಕೊಡೋದು ಅದರ ಚಿಕ್ಕ ಭಾಗ. ಶುರು ಮಾಡುವ ಮೊದಲು ರಕ್ತದ ಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್, ಎದೆಯ ಎಕ್ಸ್‌ರೇ ಮಾಡಿಸ್ತಾರೆ. ಆಮೇಲೂ ಆಗಾಗ ರಕ್ತ ನೋಡ್ತಿರಬೇಕು. ಅದರ ಕೆಲಸ ಗೊತ್ತಾಗಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿವರೆಗೆ ಸ್ವಲ್ಪ ದಿನ ಕಡಿಮೆ ಸ್ಟೀರಾಯ್ಡ್ ಕೊಡಬಹುದು. ಧಾರವಾಡದ ಅವ್ವನಿಗೆ ಆದ ಹಾಗಲ್ಲ, ಇಂತಿಷ್ಟು ದಿನ ಅಂತ ಲೆಕ್ಕ ಇಟ್ಟು, ಇಳಿಸುತ್ತಾ.

ಒಂದು ಮುಖ್ಯ ಪ್ರಶ್ನೆ: ಅಕ್ಕ ಮಗುವಿನ ಯೋಚನೆಯಲ್ಲಿದ್ದಾರಾ? ಇದ್ದರೆ ಈ ಮಾತ್ರೆ ಬೇಡ, ಡಾಕ್ಟರಿಗೆ ಮೊದಲೇ ಹೇಳಬೇಕು. ಅದರ ಬದಲು ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್ ಅನ್ನುವ ಮಾತ್ರೆಗಳಿವೆ.

ದಾವಣಗೆರೆ_ತಮ್ಮ
ಇಲ್ಲ, ಇಬ್ಬರು ಮಕ್ಕಳಿದ್ದಾರೆ, ಆಪರೇಷನ್ ಆಗಿದೆ. ಭಾವ ಇದನ್ನೆಲ್ಲ ಓದಿ ಈಗಲೇ ಹೊರಡೋಣ ಅಂತಿದ್ದಾರೆ. ತೋರಿಸಬೇಕಾದ್ದು ಮೂಳೆ ಡಾಕ್ಟರಿಗಾ?

ಶಿವಮೊಗ್ಗ_ಲ್ಯಾಬ್
ಮೂಳೆ ಡಾಕ್ಟರಲ್ಲ, ರುಮಟಾಲಜಿಸ್ಟ್, ಅಂದರೆ ಕೀಲುವಾತ ತಜ್ಞರು. ಬೋರ್ಡ್ ಮೇಲೆ ಅದೇ ಪದ ಇದೆಯಾ ನೋಡಿ. ಎಲ್ಲಾ ಜಿಲ್ಲೆಯಲ್ಲೂ ಇರಲ್ಲ. ಕೆಲವರು ತಿಂಗಳಿಗೆ ಒಂದೆರಡು ಸಲ ಬೇರೆ ಊರಿಂದ ಬಂದು ಹೋಗ್ತಾರೆ, ಮೆಡಿಕಲ್ ಶಾಪ್‌ನವರಿಗೆ ಗೊತ್ತಿರುತ್ತೆ.

ಎಂಡಿ_ಓದುತ್ತಿರುವವಳು
ಮೂರು ತಿಂಗಳ ಒಳಗೆ ಔಷಧಿ ಶುರುವಾಗಬೇಕು ಅಂತ ಯುರೋಪಿನ ಶಿಫಾರಸು. ನಿಮಗೆ ಎರಡೂವರೆ ಆಗಿದೆ. ಅಪಾಯಿಂಟ್‌ಮೆಂಟ್ ಬೇಗ ಸಿಗದಿದ್ದರೆ ಎರಡನೇ ಡಾಕ್ಟರ ಹತ್ತಿರವೇ ಶುರು ಮಾಡಿಸಿ, ಆಮೇಲೆ ತಜ್ಞರಿಗೆ ತೋರಿಸಿ. ನೋವಿನ ಮಾತ್ರೆ ಮೂಳೆ ಸವೆತ ನಿಲ್ಲಿಸಲ್ಲ. ಬೆಳಿಗ್ಗೆ ಊತ ಜಾಸ್ತಿ ಇರುವಾಗ ಎರಡೂ ಕೈಯ ಫೋಟೋ ತೆಗೆದಿಡಿ, ಮಧ್ಯಾಹ್ನ ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ಇಳಿದಿರುತ್ತೆ.

ಮಂಡ್ಯ_ಮಗ
ನಮ್ಮ ಚಿಕ್ಕಮ್ಮನಿಗೂ ಬೆರಳು ನೋವು. ಆದರೆ ಉಗುರಿನ ಹತ್ತಿರದ ಗೆಣ್ಣಲ್ಲಿ ಗಟ್ಟಿ ಗಂಟು. ಬೆಳಿಗ್ಗೆ ಬಿಗಿತ ಹತ್ತು ನಿಮಿಷ ಅಷ್ಟೇ. ಇದೂ ಅದೇನಾ?

ಎಂಡಿ_ಓದುತ್ತಿರುವವಳು
ಅಲ್ಲ ಅನಿಸುತ್ತೆ. ಆರ್‌ಎ ಸಾಮಾನ್ಯವಾಗಿ ಬೆರಳಿನ ಬುಡದ ಮತ್ತು ನಡುವಿನ ಗೆಣ್ಣನ್ನು ಹಿಡಿಯುತ್ತೆ, ಊತ ಒತ್ತಿದರೆ ಮೆತ್ತಗಿರುತ್ತೆ. ತುದಿಯಲ್ಲಿ ಮೂಳೆಯಂಥ ಗಂಟು ಅಂದರೆ ಹೆಚ್ಚಾಗಿ ವಯಸ್ಸಿನ ಸವೆತ. ಒಮ್ಮೆ ಡಾಕ್ಟರಿಗೆ ಕೈ ತೋರಿಸಿ. ಪ್ಯಾಕೇಜ್ ಟೆಸ್ಟ್ ಮೊದಲೇ ಮಾಡಿಸಬೇಡಿ.

ದಾವಣಗೆರೆ_ತಮ್ಮ
ಗುರುವಾರಕ್ಕೆ ರುಮಟಾಲಜಿಸ್ಟ್ ಅಪಾಯಿಂಟ್‌ಮೆಂಟ್ ಸಿಕ್ಕಿತು. ಫೋಟೋ ಇವತ್ತು ಬೆಳಿಗ್ಗೆಯೇ ತೆಗೆದೆ. ಆರ್‌ಎ ಫ್ಯಾಕ್ಟರ್ ಮತ್ತೆ ನಂಬರ್ ಬರುವ ಕಡೆ ಮಾಡಿಸಿಕೊಂಡು ಹೋಗಲಾ?

ಶಿವಮೊಗ್ಗ_ಲ್ಯಾಬ್
ಬೇಡ, ಅವರು ಬೇಕು ಅಂದರೆ ಅಲ್ಲೇ ಬರೆದುಕೊಡ್ತಾರೆ. ಹಳೇ ರಿಪೋರ್ಟ್, ಎಕ್ಸ್‌ರೇ ಫಿಲ್ಮ್, ಈಗ ತಗೋತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ.